ವಿಶ್ವವಿದ್ಯಾಲಯಕ್ಕೆ ನಮ್ಮ ಮನೆಯ ಸರಕು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನನಗೆ ಪರಿಚಯದ ಒಬ್ಬ ಸಹೋದರಿ ಇದ್ದಾರೆ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಹಾಕಿಕೊಂಡು ಪರದೆ, ಮೇಜುಬಟ್ಟೆ, ಕುರ್ಚಿಯ ಗವಸು ಹೊಲಿಸುತ್ತಾರೆ. ಒಮ್ಮೆ ಒಂದು ಸರಕಾರಿ ಸಂಸ್ಥೆ ಪರದೆಗಾಗಿ ಟೆಂಡರ್ ಕರೆಯಿತು. ರಾತ್ರಿಯೆಲ್ಲ ಕುಳಿತು ಲೆಕ್ಕ ಹಾಕಿ, ಅಂಗಡಿಯವರಿಗಿಂತ ಕಡಿಮೆ ದರ ಬರೆದು ಇವರೂ ಅರ್ಜಿ ಹಾಕಿದರು. ಆದರೆ ಅವರ ದರವನ್ನು ಯಾರೂ ತೆರೆದು ನೋಡಲೇ ಇಲ್ಲ.

"ಆಪಾ, ಹೊಲಿಗೆಯಲ್ಲಿ ತಪ್ಪು ತೆಗೆದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಕಾಗದ ಸರಿಯಿಲ್ಲ ಅಂತ ಹೊರಗೆ ಹಾಕಿದರಲ್ಲ" ಎಂದು ನನ್ನ ಮುಂದೆ ಕಣ್ಣೀರು ಹಾಕಿದರು. ಕಾಗದಗಳನ್ನು ತರಿಸಿ ನೋಡಿದೆ. ಜಿ.ಎಸ್.ಟಿ. ನೋಂದಣಿ ಅವರ ಹೆಸರಲ್ಲಿ, ಉದ್ಯಮದ ನೋಂದಣಿ ಮತ್ತು ಬ್ಯಾಂಕ್ ಖಾತೆ ಯಜಮಾನರ ಹೆಸರಲ್ಲಿ. ದುಡಿಮೆ ಒಬ್ಬರದು, ಕಾಗದದಲ್ಲಿ ಹೆಸರು ಇಬ್ಬರದು. ನಮ್ಮ ಎಷ್ಟೋ ಮನೆಗಳ ಕಥೆ ಇದು.

ಇದೇ ಬಡಾವಣೆಯ 'ಬಿ' ಬ್ಲಾಕಿನಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಇದೆ. ಇಂಥ ಖಾಸಗಿ ವಿದ್ಯಾಸಂಸ್ಥೆಗಳು ಪರಿಚಯದ ಅಂಗಡಿಯಿಂದ ಮಾತಾಡಿ ಸರಕು ತರಿಸಿಕೊಳ್ಳಬಹುದು. ಊರ ಹೊರಗೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಹಾಗೆ ಮಾಡಲು ಬರುವುದಿಲ್ಲ. ಮೊದಲು ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ಸಂಸ್ಥೆ ಅದು. ಅದು ಖರ್ಚು ಮಾಡುವುದು ಸಾರ್ವಜನಿಕರ ಹಣ. ಆದ್ದರಿಂದ ಅದರ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಕಟ್ಟುಪಾಡು ಇದೆ.

ವಿಶ್ವವಿದ್ಯಾಲಯ ಎಂದರೆ ಪುಸ್ತಕ, ಪಾಠ ಎಂದಷ್ಟೇ ನಾವು ತಿಳಿಯುತ್ತೇವೆ. ಅದೂ ಒಂದು ದೊಡ್ಡ ಸಂಸಾರವೇ. ಉತ್ತರ ಪತ್ರಿಕೆ ಅಚ್ಚಾಗಬೇಕು, ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ಬೇಕು, ವಿದ್ಯಾರ್ಥಿನಿಲಯಕ್ಕೆ ಹಾಸಿಗೆ, ಬೇಳೆ, ತರಕಾರಿ ಬೇಕು, ಘಟಿಕೋತ್ಸವಕ್ಕೆ ಗೌನು ಬೇಕು, ಅತಿಥಿಗಳಿಗೆ ಊಟ ಬೇಕು. ಕಸ ಗುಡಿಸುವುದು, ಕಾವಲು, ಕಂಪ್ಯೂಟರ್ ರಿಪೇರಿ ಇವೂ ಹೊರಗಿನವರಿಗೆ ಹೋಗುವ ಕೆಲಸಗಳೇ.

ಕಾಯ್ದೆ ಹಾಕಿದ ಮಿತಿಯೊಳಗಿನ ಸಣ್ಣ ಖರೀದಿಯನ್ನು ಕೊಟೇಷನ್ ಪಡೆದು ಮುಗಿಸುತ್ತಾರೆ. ಹೊಸಬರಿಗೆ ಇದೇ ಒಳ್ಳೆಯ ಬಾಗಿಲು. ದರಪಟ್ಟಿ, ಒಂದೆರಡು ಮಾದರಿ ಹಿಡಿದು ಕುಲಸಚಿವರ ಕಚೇರಿಯ ಖರೀದಿ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಸಂಕೋಚ ಬೇಡ, ಸರಕು ಮಾರುವವರು ಅಲ್ಲಿಗೆ ಬರುತ್ತಲೇ ಇರುತ್ತಾರೆ.

ಮಿತಿ ಮೀರಿದರೆ ಟೆಂಡರ್. ಅದು ಈಗ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಜನ ಕೆಪಿಪಿಪಿ ಎಂದು ಕರೆಯುವ ರಾಜ್ಯ ಸರಕಾರದ ಪೋರ್ಟಲ್‌ನಲ್ಲಿ ಪೂರೈಕೆದಾರರಾಗಿ ಹೆಸರು ನೋಂದಾಯಿಸಬೇಕು. (ಕಲಬುರಗಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರದ ಸಂಸ್ಥೆಗಳಿಗೆ ಮಾರುವವರು 2016ರಲ್ಲಿ ಆರಂಭವಾದ 'ಜೆಮ್' ಪೋರ್ಟಲ್ ನೋಡಬೇಕು.) ಪಾನ್ ಕಾರ್ಡ್, ಬ್ಯಾಂಕ್ ಖಾತೆ, ಡಿಜಿಟಲ್ ಸಹಿ ಬೇಕು. ಡಿಜಿಟಲ್ ಸಹಿ ಪೆನ್‌ಡ್ರೈವ್‌ನಂಥ ಒಂದು ಸಣ್ಣ ಟೋಕನ್‌ನಲ್ಲಿ ಬರುತ್ತದೆ. ಅದನ್ನು ಮಗನಿಗೋ ಸೈಬರ್ ಅಂಗಡಿಯವನಿಗೋ ಕೊಟ್ಟು ಸುಮ್ಮನಾಗುವವರೇ ಹೆಚ್ಚು. ಸಹೋದರಿಯರೇ, ಅದು ನಿಮ್ಮ ಸಹಿ. ಚೆಕ್ ಪುಸ್ತಕಕ್ಕೆ ಸಹಿ ಹಾಕಿ ಯಾರದೋ ಕೈಗೆ ಕೊಡುತ್ತೀರಾ?

ಹೆಚ್ಚಿನ ಟೆಂಡರುಗಳಲ್ಲಿ ಎರಡು ಲಕೋಟೆ ಇರುತ್ತದೆ. ಕಂಪ್ಯೂಟರಿಗೆ ಬಂದರೂ ಹೆಸರು ಲಕೋಟೆಯೇ. ಮೊದಲನೆಯದರಲ್ಲಿ ದಾಖಲೆಗಳು, ಎರಡನೆಯದರಲ್ಲಿ ದರ. ಮೊದಲನೆಯದು ಸರಿಯಿದ್ದರೆ ಮಾತ್ರ ಎರಡನೆಯದನ್ನು ತೆರೆಯುತ್ತಾರೆ. ನಮ್ಮವರು ದರ ಇಳಿಸಲು ತಲೆ ಕೆಡಿಸಿಕೊಳ್ಳುವಷ್ಟು ದಾಖಲೆಗೆ ಕೆಡಿಸಿಕೊಳ್ಳುವುದಿಲ್ಲ. ಸೋಲುವುದೇ ಅಲ್ಲಿ. ಹಿಂದಿನ ವರ್ಷಗಳ ವಹಿವಾಟು, ಇದೇ ಬಗೆಯ ಕೆಲಸ ಮಾಡಿದ ಪ್ರಮಾಣಪತ್ರ ಕೇಳುತ್ತಾರೆ. ಆದ್ದರಿಂದ ಶಾಲೆಗೋ ಆಸ್ಪತ್ರೆಗೋ ಚಿಕ್ಕ ಕೆಲಸ ಮಾಡಿಕೊಟ್ಟಾಗ ಬಿಲ್ ಕೊಟ್ಟು, "ಸಮಯಕ್ಕೆ ಸರಿಯಾಗಿ ಪೂರೈಸಿದ್ದಾರೆ" ಎಂಬ ಪತ್ರ ಬರೆಸಿಕೊಳ್ಳಿ. ಇ.ಎಂ.ಡಿ. ಎಂಬ ಮುಂಗಡ ಠೇವಣಿಯನ್ನೂ ಇಡಬೇಕಾಗುತ್ತದೆ. ಟೆಂಡರ್ ಸಿಗದವರಿಗೆ ಅದು ವಾಪಸು ಬರುತ್ತದೆ.

2020ರ ಜುಲೈಯಿಂದ ಜಾರಿಯಲ್ಲಿರುವ 'ಉದ್ಯಮ್' ನೋಂದಣಿಗೆ ಸರಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಆದರೂ ಸಾವಿರಾರು ರೂಪಾಯಿ ಕಿತ್ತುಕೊಳ್ಳುವ ದಲ್ಲಾಳಿಗಳಿದ್ದಾರೆ. ಗೊತ್ತಾಗದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಸರಕು ಕೊಟ್ಟ ಮೇಲೆ ಇನ್ನೊಂದು ಪರೀಕ್ಷೆ. ಬಿಲ್ ಮೇಜಿನಿಂದ ಮೇಜಿಗೆ ಹೋಗಿ ಹಣಕಾಸು ಅಧಿಕಾರಿಯವರೆಗೆ ತಲುಪಬೇಕು. ಸಾಲ ಮಾಡಿ ಬಟ್ಟೆ ತಂದವರು ಅಲ್ಲಿಯವರೆಗೆ ಬಡ್ಡಿ ಕಟ್ಟುತ್ತ ಕೂರಬೇಕು. ನಮ್ಮ ಮನೆಗಳಿಗೆ ಇದು ಲೆಕ್ಕದಲ್ಲೂ ಭಾರ, ಮನಸ್ಸಿಗೂ ಭಾರ. ಕೈಯಲ್ಲಿರುವ ಬಂಡವಾಳ ಎಷ್ಟು ತಿಂಗಳು ತಡೆಯುತ್ತದೆ ಎಂದು ನೋಡಿಯೇ ಟೆಂಡರ್ ಹಾಕುವುದು ಕ್ಷೇಮ. 2006ರ ಎಂ.ಎಸ್.ಎಂ.ಇ. ಕಾಯ್ದೆಯ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಬಾಕಿ ವಸೂಲಿಗೆ ಫೆಸಿಲಿಟೇಷನ್ ಕೌನ್ಸಿಲ್ ಇದೆ. ಬಡ್ಡಿ ತಮಗೆ ಬೇಡ ಎನ್ನುವವರು ಅಸಲನ್ನಾದರೂ ಬಿಡಬೇಕಾಗಿಲ್ಲ. ಒಂದು ಮಾತು ನೆನಪಿರಲಿ, ಈ ರಕ್ಷಣೆ ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತದಾದರೂ ಅದರ ಪ್ರಯೋಜನ ಬ್ಯಾಂಕ್ ಸಾಲದ ಮಟ್ಟಿಗೆ ಮಾತ್ರ.

"ನಮಗೆ ಮೀಸಲಾತಿ ಬಂದಿದೆಯಲ್ಲ?" ಎಂದು ಹಲವರು ಕೇಳುತ್ತಾರೆ. ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಸರಕಾರಿ ಗುತ್ತಿಗೆಗಳಲ್ಲಿ ಶೇ. 4 ಮೀಸಲಿಡುವ ತಿದ್ದುಪಡಿ ವಿಧೇಯಕವನ್ನು ವಿಧಾನಮಂಡಲ 2025ರ ಮಾರ್ಚ್‌ನಲ್ಲಿ ಅಂಗೀಕರಿಸಿತು ನಿಜ. ಆದರೆ ಏಪ್ರಿಲ್‌ನಲ್ಲಿ ರಾಜ್ಯಪಾಲರು ಸಹಿ ಹಾಕದೆ ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಅದನ್ನು ನೆಚ್ಚಿ ಕಾಗದ ಪತ್ರ ಸಿದ್ಧಪಡಿಸುವುದನ್ನು ಮುಂದೂಡುವುದು ನನಗಂತೂ ಸರಿ ಕಾಣುವುದಿಲ್ಲ.

ಅನ್ಯಾಯವಾಗಿದೆ ಎನ್ನಿಸಿದರೆ ಬರೀ ನೊಂದುಕೊಂಡು ಕೂರಬೇಕಾಗಿಲ್ಲ. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಲು ಪಾರದರ್ಶಕತೆ ಕಾಯ್ದೆಯಲ್ಲೇ ಅವಕಾಶವಿದೆ. ಯಾರು ಎಷ್ಟು ದರ ಹಾಕಿದ್ದರು ಎಂಬ ತುಲನಾ ಪಟ್ಟಿಯನ್ನು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಮುಂದಿನ ಸಲ ದರ ಕಟ್ಟಲು ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ.

ಆ ಸಹೋದರಿ ಈಗ ಎಲ್ಲ ಕಾಗದಗಳನ್ನೂ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದಾರೆ. ಟೋಕನ್ ಅವರ ಕಪಾಟಿನಲ್ಲೇ ಇದೆ. ದೊಡ್ಡ ಟೆಂಡರ್ ಇನ್ನೂ ಸಿಕ್ಕಿಲ್ಲ. ಆದರೆ ಕಳೆದ ಬಾರಿ ಅವರ ದರದ ಲಕೋಟೆ ತೆರೆಯಿತು, ಎರಡನೆಯ ಸ್ಥಾನ ಬಂತು.