ವಾಚಕರ ದೂಷಣೆ, ಕೃತಿಕಾರನ ಉತ್ತರ

ಗ್ರಂಥವನ್ನು ರಚಿಸುವವನಿಗೆ ಪ್ರಶಂಸೆ ಪ್ರಿಯ. ದೋಷವನ್ನೆತ್ತಿ ಹೇಳುವವನು ಅಪ್ರಿಯ. ಇದು ಮನುಷ್ಯಸ್ವಭಾವ. ಆದರೆ ನಮ್ಮ ಸಾಹಿತ್ಯಪರಂಪರೆ ಈ ಸ್ವಭಾವಕ್ಕೆ ಮಣಿದು ನಡೆದುದಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತನ್ನ ಮೊದಲನೆಯ ಪರಿಚ್ಛೇದವನ್ನು ದೋಷಾದೋಷಗಳ ವಿವೇಚನೆಗೇ ಮೀಸಲಿಟ್ಟಿದೆ, ಅಲಂಕಾರಗಳ ಮಾತು ಆಮೇಲಿನದು. ಶಾಸ್ತ್ರವನ್ನು ಓದದೆಯೂ ಕಾವ್ಯದ ಮರ್ಮವನ್ನು ಬಲ್ಲವರು ಈ ನಾಡಿನ ಜನರೆಂಬ ಅಭಿಮಾನವೂ ಅದರಲ್ಲಿ ವ್ಯಕ್ತವಾಗಿದೆ. ಮರ್ಮವನ್ನು ಬಲ್ಲವನಿಗೆ ಮೆಚ್ಚುವ ಅಧಿಕಾರವಿದ್ದಂತೆ ಮೆಚ್ಚದಿರುವ ಅಧಿಕಾರವೂ ಉಂಟಷ್ಟೆ. ಆ ಅಧಿಕಾರವನ್ನು ವಾಚಕನು ಚಲಾಯಿಸಿದಾಗ ಕೃತಿಕಾರನು ಏನು ಮಾಡಬೇಕು?

ಭವಭೂತಿಯ ಉತ್ತರ ಪ್ರಸಿದ್ಧವಾದುದು. ತನ್ನನ್ನು ಅವಹೇಳನ ಮಾಡುವವರಿಗಾಗಿ ತನ್ನ ಶ್ರಮವಲ್ಲವೆಂದೂ ಅನಂತವಾದ ಕಾಲದಲ್ಲಿ ಸಮಾನಧರ್ಮಿಯೊಬ್ಬನು ಹುಟ್ಟಿಯಾನೆಂದೂ ‘ಮಾಲತೀಮಾಧವ’ದ ಪ್ರಸ್ತಾವನೆಯಲ್ಲಿ ಆತ ಹೇಳಿಕೊಂಡಿದ್ದಾನೆ. ಭವಭೂತಿಯ ಬಾಯಲ್ಲಿ ಅದು ಶೋಭಿಸುವ ಮಾತು. ಆದರೆ ಪದ್ಯಕ್ಕೊಂದು ಛಂದೋಭಂಗ ಮಾಡಿದವನೂ ಅದೇ ಮಾತನ್ನು ಗುರಾಣಿಯಾಗಿ ಹಿಡಿದರೆ, ಮುಂದೆ ಹುಟ್ಟಲಿರುವ ಸಹೃದಯನ ನೆಪದಲ್ಲಿ ಎದುರಿಗಿರುವ ಸಹೃದಯನಿಗೆ ಬಾಗಿಲು ಮುಚ್ಚಿದಂತಾಗುತ್ತದೆ.

ಗುರಾಣಿಯನ್ನು ಬಿಟ್ಟು ಕತ್ತಿಯನ್ನೇ ಹಿರಿದವರೂ ಇದ್ದಾರೆ. ಆಂಗ್ಲ ಕವಿ ಬೈರನ್ನನ ತಾರುಣ್ಯದ ಕವಿತೆಗಳನ್ನು 1808ರಲ್ಲಿ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆ ಕಟುವಾಗಿ ಹಳಿಯಿತು. ಆತ ಮರುವರ್ಷವೇ ಒಂದು ದೀರ್ಘ ವಿಡಂಬನಕಾವ್ಯವನ್ನು ಹೊರತಂದು, ಆ ವಿಮರ್ಶೆಯನ್ನು ಬರೆಯದಿದ್ದ ಸಂಪಾದಕನನ್ನೂ, ಆ ವಿಷಯಕ್ಕೆ ಸಂಬಂಧವೇ ಇಲ್ಲದ ಸ್ಕಾಟ್, ವರ್ಡ್ಸ್‌ವರ್ತ್ ಮೊದಲಾದವರನ್ನೂ ಚುಚ್ಚಿದನು. ಪುಸ್ತಕವೇನೋ ಬಿಸಿಯಾಗಿ ಖರ್ಚಾಯಿತು. ಆದರೆ ತಾನು ಚುಚ್ಚಿದವರಲ್ಲಿ ಕೆಲವರು ಮುಂದೆ ತನಗೆ ಮಿತ್ರರಾದಾಗ, 1812ರಲ್ಲಿ, ಐದನೆಯ ಮುದ್ರಣವನ್ನು ಆತ ತಾನೇ ತಡೆಹಿಡಿಯಬೇಕಾಯಿತು. ಸಿಟ್ಟಿನಲ್ಲಿ ಆಡಿದ ಮಾತಿಗಿಂತ ಸಿಟ್ಟಿನಲ್ಲಿ ಅಚ್ಚುಹಾಕಿಸಿದ ಮಾತಿಗೆ ಆಯುಸ್ಸು ಹೆಚ್ಚು.

ಕೀಟ್ಸ್ ಹಿಡಿದ ದಾರಿ ಬೇರೆ. 1818ರಲ್ಲಿ ಪ್ರಕಟವಾದ ಅವನ ‘ಎಂಡಿಮಿಯನ್’ ಕಾವ್ಯವನ್ನು ಎರಡು ಪತ್ರಿಕೆಗಳು ನಿರ್ದಯವಾಗಿ ಅಪಹಾಸ್ಯ ಮಾಡಿದುವು. ಆ ವಿಮರ್ಶೆಯೇ ಅವನನ್ನು ಕೊಂದಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ವಾಸ್ತವವಾಗಿ 1821ರಲ್ಲಿ ಅವನು ಮಡಿದುದು ಕ್ಷಯರೋಗದಿಂದ. ವಿಮರ್ಶಕರು ಕೊಟ್ಟ ನೋವಿಗಿಂತ ತನ್ನ ಕೃತಿಯನ್ನು ತಾನೇ ಪರೀಕ್ಷಿಸಿಕೊಂಡಾಗ ಆದ ನೋವು ಹೆಚ್ಚಿನದೆಂದು ಅವನು ಪ್ರಕಾಶಕರಿಗೆ ಪತ್ರ ಬರೆದನು. ಅನಂತರ ಮೌನವಾಗಿ ಕೆಲಸದಲ್ಲಿ ತೊಡಗಿದನು. ಅವನ ಹೆಸರನ್ನು ಇಂದಿಗೂ ಉಳಿಸಿರುವ ಪ್ರಗಾಥಗಳಲ್ಲಿ ಹೆಚ್ಚಿನವು ಮರುವರ್ಷದವು.

ಇವರಿಬ್ಬರನ್ನೂ ಹಳಿದವರು ವೃತ್ತಿಯಿಂದ ವಿಮರ್ಶಕರು. ಸಾಮಾನ್ಯ ವಾಚಕಿಯೊಬ್ಬಳು ನೊಂದು ಬರೆದಾಗ ಏನಾಗುತ್ತದೆ ಎಂಬುದಕ್ಕೆ ಚಾರ್ಲ್ಸ್ ಡಿಕನ್ಸನ ಜೀವನದಲ್ಲಿ ಒಂದು ನಿದರ್ಶನವಿದೆ. ಕೃತಿಕಾರರೆಲ್ಲರೂ ಮನನ ಮಾಡಬೇಕಾದ ನಿದರ್ಶನ ಅದು. 1837ರಿಂದ 1839ರವರೆಗೆ ಮಾಸಪತ್ರಿಕೆಯಲ್ಲಿ ಪ್ರಕಟವಾದ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಅನಾಥ ಬಾಲಕರಿಗೆ ಕಳ್ಳತನ ಕಲಿಸುವ ಫೇಗಿನ್ ಎಂಬ ಪಾತ್ರವಿದೆ. ಅವನನ್ನು ಹೆಸರಿನಿಂದ ಕರೆಯುವುದಕ್ಕೆ ಬದಲಾಗಿ ‘ಆ ಯೆಹೂದಿ’ ಎಂದೇ ಡಿಕನ್ಸನು ನೂರಾರು ಬಾರಿ ಕರೆದಿದ್ದನು. ಸುಮಾರು ಕಾಲು ಶತಮಾನದ ಮೇಲೆ, 1863ರಲ್ಲಿ, ಎಲೈಜಾ ಡೇವಿಸ್ ಎಂಬ ಯೆಹೂದಿ ಮಹಿಳೆ ಆತನಿಗೆ ಪತ್ರ ಬರೆದಳು. ಡಿಕನ್ಸನು ಲಂಡನ್ನಿನಲ್ಲಿ ತಾನು ವಾಸವಾಗಿದ್ದ ಮನೆಯನ್ನು ಮಾರಿದ್ದುದು ಈಕೆಯ ಪತಿಗೇ. ದೀನದಲಿತರ ಪರವಾಗಿ ಬರೆಯುವ ಮಹಾಲೇಖಕನೇ ತನ್ನ ಜನಾಂಗದ ಮೇಲಿನ ದ್ವೇಷಕ್ಕೆ ಪ್ರೋತ್ಸಾಹ ಕೊಟ್ಟನೆಂಬುದು ಆಕೆಯ ಆಕ್ಷೇಪ.

ಡಿಕನ್ಸನ ಮೊದಲ ಉತ್ತರ ಯಾವ ಲೇಖಕನಾದರೂ ಬರೆಯಬಹುದಾಗಿದ್ದ ಉತ್ತರವೇ. ಆ ಕಾಲದಲ್ಲಿ ಅಂಥ ಅಪರಾಧಿಗಳು ಬಹುಮಟ್ಟಿಗೆ ಯೆಹೂದಿಗಳೇ ಆಗಿದ್ದರು. ಗ್ರಂಥದ ಉಳಿದ ದುಷ್ಟರೆಲ್ಲ ಕ್ರೈಸ್ತರೇ ಅಲ್ಲವೆ. ತನಗೆ ಆ ಜನಾಂಗದ ಮೇಲೆ ಸ್ನೇಹಭಾವವೇ ಇದೆ—ಹೀಗೆ ಅದು ಸಾಗಿತು. ಆಕೆ ಸುಮ್ಮನಾಗಲಿಲ್ಲ, ನಿಂದಿಸಲೂ ಇಲ್ಲ. ವಿನಯದಿಂದಲೇ ಮತ್ತೆ ಬರೆದಳು. ವಿವಾದ ಅಲ್ಲಿಗೆ ನಿಂತಿತು. ಆದರೆ ಮಾತು ಆತನ ಮನಸ್ಸಿನಲ್ಲಿ ನಾಟಿತ್ತು. 1864ರಲ್ಲಿ ಆರಂಭವಾದ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯಲ್ಲಿ ರಾಯಾ ಎಂಬ ಸಜ್ಜನ ಯೆಹೂದಿ ವೃದ್ಧನು ಕಾಣಿಸಿಕೊಂಡನು. ಅಲ್ಲಿ ಬಡ್ಡಿಯ ಕ್ರೌರ್ಯವೆಲ್ಲ ಕ್ರೈಸ್ತ ಧಣಿಯದು, ಅಪಕೀರ್ತಿ ಮಾತ್ರ ಈ ವೃದ್ಧನದು. 1867ರಲ್ಲಿ ‘ಆಲಿವರ್ ಟ್ವಿಸ್ಟ್’ ಮತ್ತೆ ಅಚ್ಚಾದಾಗ ಡಿಕನ್ಸನು, ಮುಖ್ಯವಾಗಿ ಗ್ರಂಥದ ಉತ್ತರಭಾಗದಲ್ಲಿ, ‘ಆ ಯೆಹೂದಿ’ ಎಂಬ ಮಾತನ್ನು ಎಷ್ಟೋ ಕಡೆ ಕಿತ್ತುಹಾಕಿದನು. ಅದೇ ವರ್ಷ ಶ್ರೀಮತಿ ಡೇವಿಸ್ ಆತನಿಗೆ ಹೀಬ್ರೂ ಭಾಷೆಯ ಬೈಬಲ್ಲೊಂದನ್ನು ಕಾಣಿಕೆಯಾಗಿ ಕಳುಹಿಸಿದಳು.

ಈ ಪ್ರಸಂಗದಿಂದ ಎರಡು ತತ್ತ್ವಗಳು ಹೊರಡುತ್ತವೆ. ಒಂದನೆಯದು: ಲೇಖಕನ ಮೊದಲ ಉತ್ತರ ಅವನ ಅಭಿಮಾನದ್ದು, ಎರಡನೆಯದು ಅವನ ಅಂತಃಕರಣದ್ದು, ಇವೆರಡರ ನಡುವೆ ಕಾಲ ಬೇಕು. ಆದುದರಿಂದ ಮೊದಲ ಉತ್ತರವನ್ನು ಬರೆದರೂ ಅಂಚೆಗೆ ಹಾಕದಿರುವುದು ಲೇಸು. ಎರಡನೆಯದು: ಲೇಖಕನಿಗೆ ಗೊತ್ತಿರದಿದ್ದ ಒಂದು ಸಂಗತಿ ಆ ವಾಚಕಿಗೆ ಗೊತ್ತಿತ್ತು. ಫೇಗಿನ್ನನನ್ನು ಸೃಷ್ಟಿಸಿದವನು ಡಿಕನ್ಸನು. ಆದರೆ ಫೇಗಿನ್ನನ ಹೆಸರು ಬೀದಿಗೆ ಬಂದ ಮೇಲೆ ಅದರ ಭಾರವನ್ನು ಹೊತ್ತು ಬದುಕಿದವರು ಆಕೆಯ ಜನ. ಗ್ರಂಥ ತನ್ನ ಮೇಜನ್ನು ಬಿಟ್ಟ ಮೇಲೆ ಯಾರ ಮನೆಯಲ್ಲಿ ಏನು ಮಾಡಿತೆಂಬುದನ್ನು ಲೇಖಕನು ವಾಚಕನಿಂದಲೇ ಕೇಳಿ ತಿಳಿಯಬೇಕು.

ಹಾಗೆಂದು ವಾಚಕನು ಹೇಳಿದುದೆಲ್ಲ ವೇದವಾಕ್ಯವಲ್ಲ. ಡಿಕನ್ಸನ ಕಥೆಯಲ್ಲೇ ಒಂದು ಎಚ್ಚರಿಕೆ ಅಡಗಿದೆ. ರಾಯಾ ತೀರ ಒಳ್ಳೆಯವನಾಗಿಬಿಟ್ಟ, ಅವನಲ್ಲಿ ಜೀವವಿಲ್ಲ ಎಂದು ಹಲವು ವಿಮರ್ಶಕರು ಹೇಳಿದ್ದಾರೆ, ಅದು ಸುಳ್ಳಲ್ಲ. ತಪ್ಪುಕಾಣಿಕೆಯಾಗಿ ಕಡೆದ ವಿಗ್ರಹದಲ್ಲಿ ಭಕ್ತಿಯಿರಬಹುದು, ಶಿಲ್ಪ ಇರಲೇಬೇಕೆಂಬ ನಿಯಮವಿಲ್ಲ. ಇನ್ನೊಂದು ಕಡೆ ಥಾಮಸ್ ಹಾರ್ಡಿಯಿದ್ದಾನೆ. 1895ರಲ್ಲಿ ಹೊರಬಂದ ಅವನ ‘ಜ್ಯೂಡ್ ದಿ ಅಬ್‌ಸ್ಕ್ಯೂರ್’ ಕಾದಂಬರಿಯನ್ನು ಬೆಂಕಿಗೆ ಹಾಕಿದೆನೆಂದು ಒಬ್ಬ ಬಿಷಪ್ಪನು ಬಹಿರಂಗವಾಗಿ ಸಾರಿದನು. ವಿವಾಹದ ಕಟ್ಟಳೆಗಳನ್ನು ಪ್ರಶ್ನಿಸಿದುದೇ ಆ ಗ್ರಂಥದ ಅಪರಾಧ. ಹಾರ್ಡಿ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಆಮೇಲೆ ಹೊಸ ಕಾದಂಬರಿಯನ್ನೂ ಬರೆಯಲಿಲ್ಲ. 1928ರಲ್ಲಿ ತೀರಿಕೊಳ್ಳುವವರೆಗೆ ಅವನ ಶಕ್ತಿ ಬಹುಪಾಲು ಕಾವ್ಯದತ್ತ ಹರಿಯಿತು. ಕಾವ್ಯಕ್ಕೆ ಲಾಭವಾಯಿತು, ಕಾದಂಬರಿಗೆ ನಷ್ಟವಾಯಿತು.

ಶ್ರೀಮತಿ ಡೇವಿಸ್ ಮತ್ತು ಆ ಬಿಷಪ್ಪನು ಇಬ್ಬರೂ ನೊಂದ ವಾಚಕರೇ. ಭೇದವೆಲ್ಲಿ? ಆಕೆ ಗ್ರಂಥವನ್ನು ಓದಿ, ಅದರಲ್ಲಿರುವ ಒಂದು ಅನ್ಯಾಯವನ್ನು ಬೆರಳಿಟ್ಟು ತೋರಿಸಿ, ಲೇಖಕನಿಂದ ಇನ್ನಷ್ಟು ಬರವಣಿಗೆಯನ್ನು ಬೇಡಿದಳು. ಆತ ಗ್ರಂಥವೇ ಇಲ್ಲದಿರಲೆಂದು ಬಯಸಿದನು. ನಿಂದೆಯನ್ನು ತೂಗುವ ತಕ್ಕಡಿ ಇದೇ: ಅದು ಮುಂದಿನ ಪುಟಕ್ಕೆ ದಾರಿ ತೋರುತ್ತದೆಯೋ, ಪುಟವನ್ನೇ ಹರಿಯುತ್ತದೆಯೋ? ಮೊದಲನೆಯದಕ್ಕೆ ಕಿವಿಗೊಡಬೇಕು, ಎರಡನೆಯದಕ್ಕೆ ಕದಲದೆ ನಿಲ್ಲಬೇಕು. ಮಾತಿನ ಒರಟುತನವನ್ನು ನೋಡಿ ಇವೆರಡನ್ನು ವಿಂಗಡಿಸಲಾಗದು. ಒರಟಾದ ಮಾತಿನಲ್ಲೂ ಸತ್ಯವಿರಬಹುದು, ನಯವಾದ ಮಾತಿನಲ್ಲೂ ಕೊಳ್ಳಿ ಇರಬಹುದು.

ನಮ್ಮಲ್ಲಿ ಹೊಸ ಲೇಖಕರ ಪುಸ್ತಕವೊಂದು ಪ್ರಕಟವಾದರೆ ಅದನ್ನು ಕೊನೆಯವರೆಗೆ ಓದಿ, ಓದಿದೆನೆಂದು ತಿಳಿಸುವವರು ವಿರಳ. ಮಿತ್ರರು ಬಿಡುಗಡೆಯ ದಿನ ಹೊಗಳುತ್ತಾರೆ. ಬಹಳ ಸಲ ಆ ಹೊಗಳಿಕೆ ಮುನ್ನುಡಿಯಿಂದಾಚೆ ಹೋಗಿರುವುದಿಲ್ಲ. ಆದರೆ ನೂರ ಹನ್ನೆರಡನೆಯ ಪುಟದ ತಪ್ಪನ್ನು ಎತ್ತಿ ಆಡಿದವನು ನೂರ ಹನ್ನೊಂದು ಪುಟಗಳನ್ನು ಓದಿದ್ದಾನೆ. ಲೇಖಕನಿಗೆ ಅದಕ್ಕಿಂತ ದೊಡ್ಡ ಗೌರವವನ್ನು ವಾಚಕನು ಸಲ್ಲಿಸಲಾರ. ಅವನ ಮಾತಿಗೆ ಒಂದು ಸಾಲಿನ ವಂದನೆ ಸಾಕು; ಪೂರ್ಣ ಉತ್ತರ ಮುಂದಿನ ಕೃತಿಯಲ್ಲಿ ಬರಲಿ.