ಮಸಾರಿ ಹೊಲಕ್ಕೆ ಔಡಲದ ಅಕ್ಕಡಿ ಸಾಲು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಸಾರಿ ಹೊಲಗಳಲ್ಲಿ ಹೆಚ್ಚಿನವು ಇಂದಿಗೂ ಮಳೆಯನ್ನೇ ನಂಬಿವೆ. ಹೊಲದ ತುಂಬ ಮೆಕ್ಕೆಜೋಳ ಅಥವಾ ಶೇಂಗಾ ಒಂದನ್ನೇ ಬಿತ್ತುವ ರೂಢಿ ಬೆಳೆದಿದೆ. ಮೆಕ್ಕೆಜೋಳ ಸೂಲಂಗಿ ಬಿಡುವಾಗ, ಶೇಂಗಾ ಹೂಡು ಇಳಿಸುವಾಗ ಹದಿನೈದು ದಿನ ಮಳೆ ಕೈಕೊಟ್ಟರೆ ವರ್ಷದ ದುಡಿಮೆ ಮಣ್ಣುಪಾಲು. ಇಂಥ ಹೊಲದಲ್ಲಿ ಮನೆಗೆ ಅಷ್ಟಿಷ್ಟು ಹಣ ತರಬಲ್ಲ ಬೆಳೆ ಔಡಲ. ಹರಳು ಎಂದರೂ ಇದೇ.

ಔಡಲದ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಮಳೆ ನಿಂತಾಗ ಗಿಡ ಬಾಡಿದಂತೆ ಕಂಡರೂ ಮುಂದಿನ ಮಳೆಗೆ ಚೇತರಿಸಿಕೊಳ್ಳುತ್ತದೆ. ಎಲ್ಲ ಗೊನೆಗಳೂ ಒಂದೇ ಸಲ ಬರುವುದಿಲ್ಲವಾದ್ದರಿಂದ ಮೊದಲ ಗೊನೆ ಬರಕ್ಕೆ ಸಿಕ್ಕರೂ ನಂತರದ ಗೊನೆಗಳು ಕೈಹಿಡಿಯುತ್ತವೆ. ನೀರು ನಿಲ್ಲುವ ತಗ್ಗು ಹೊಲ ಮಾತ್ರ ಇದಕ್ಕೆ ಆಗದು.

ಎಣ್ಣೆ ಎಲ್ಲಿಗೆ ಹೋಗುತ್ತದೆ?

ಬೀಜದಲ್ಲಿ ಶೇಕಡಾ 45ರಿಂದ 50ರಷ್ಟು ಎಣ್ಣೆ ಇದೆ. ಇದು ಅಡುಗೆಯ ಎಣ್ಣೆಯಲ್ಲ, ಕಾರ್ಖಾನೆಯ ಎಣ್ಣೆ. ಇದರಲ್ಲಿರುವ ರಿಸಿನೋಲಿಕ್ ಆಮ್ಲದಿಂದಾಗಿ ಎಣ್ಣೆ ಮಂದವಾಗಿದ್ದು ಯಂತ್ರಗಳ ಕೀಲಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಇಂದು ಗ್ರೀಸ್, ಬಣ್ಣ, ಸಾಬೂನು, ವಾಹನಗಳ ಕೊಳವೆಗೆ ಬಳಸುವ ನೈಲಾನ್-11 ಇವೆಲ್ಲಕ್ಕೂ ಇದು ಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಔಡಲ ಬೆಳೆಯುವ ದೇಶ ನಮ್ಮದು. ಅದರಲ್ಲಿ ಸಿಂಹಪಾಲು ಗುಜರಾತಿನದು.

ಬೆಲೆಯ ಮಾತು

ಇಲ್ಲಿ ಎಚ್ಚರ ಬೇಕು. ಔಡಲ ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲಿಲ್ಲ. ಗುಜರಾತಿನ ಫಸಲು ಮತ್ತು ಹೊರದೇಶಗಳ ಬೇಡಿಕೆ ಸೇರಿ ಇದರ ಧಾರಣೆಯನ್ನು ತೀರ್ಮಾನಿಸುತ್ತವೆ. 2016ರ ಜನವರಿಯಲ್ಲಿ ಬೆಲೆ ಕುಸಿದು ಔಡಲದ ವಾಯಿದಾ ವಹಿವಾಟನ್ನೇ ನಿಲ್ಲಿಸಬೇಕಾಯಿತು. ನೀರಾವರಿ ಇರುವ ಗುಜರಾತಿನ ರೈತ ಪಡೆಯುವ ಇಳುವರಿ ನಮ್ಮದಕ್ಕಿಂತ ಬಹಳ ಹೆಚ್ಚು. ಮಳೆಯಾಶ್ರಯದಲ್ಲಿ ಎಕರೆಗೆ 3ರಿಂದ 5 ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆಯೇ. ಆದ್ದರಿಂದ ಒಂದು ವರ್ಷದ ಏರುಬೆಲೆ ನೋಡಿ ಇಡೀ ಹೊಲಕ್ಕೆ ಔಡಲ ಹಾಕಬೇಡಿ. ನಮ್ಮ ಹಿರಿಯರಂತೆ ಅಕ್ಕಡಿ ಸಾಲಾಗಿ ಹಾಕಿರಿ. ಶೇಂಗಾ ಕೈಗೆ ಬಂದರೆ ಔಡಲ ಮೇಲಾದಾಯ. ಶೇಂಗಾ ಹೋದರೆ ಔಡಲ ಆಸರೆ.

ಬಿತ್ತನೆ

ಮೃಗಶಿರಾ, ಆರಿದ್ರಾ ಮಳೆಗಳು ಬಿತ್ತನೆಗೆ ಒಳ್ಳೆಯ ಕಾಲ. ಜುಲೈ ದಾಟಿದಂತೆ ಇಳುವರಿ ಇಳಿಯುತ್ತದೆ. ಐದು ಸಾಲು ಶೇಂಗಾಕ್ಕೆ ಒಂದು ಸಾಲು ಔಡಲ ಹಾಕಿ, ಗಿಡದಿಂದ ಗಿಡಕ್ಕೆ 60 ಸೆಂಟಿಮೀಟರ್ ಬಿಡಿ. ಇದಕ್ಕೆ ಎಕರೆಗೆ 2 ಕಿಲೋ ಬೀಜ ಸಾಕು. ಔಡಲ ಒಂದನ್ನೇ ಹಾಕುವವರು ಸಾಲಿನ ನಡುವೆ 90 ಸೆಂಟಿಮೀಟರ್ ಬಿಟ್ಟು, ಎಕರೆಗೆ ಸುಮಾರು 7,400 ಗಿಡ ಇರುವಂತೆ ನೋಡಿಕೊಳ್ಳಿ.

ಜ್ವಾಲಾ ಎಂದು ಕರೆಯುವ 48-1 ತಳಿಯೂ, ಡಿಸಿಎಚ್-519 ಹೈಬ್ರಿಡ್ಡೂ ಸೊರಗು ರೋಗವನ್ನು ತಡೆದುಕೊಳ್ಳುತ್ತವೆ. ಹೈಬ್ರಿಡ್ ಬೆಳೆಯ ಬೀಜವನ್ನು ಮರುವರ್ಷ ಬಿತ್ತಬಾರದು. ಗಿಡಗಳು ಒಂದೊಂದು ಬಗೆಯಾಗುತ್ತವೆ. ಕಿಲೋ ಬೀಜಕ್ಕೆ 10 ಗ್ರಾಂ ಟ್ರೈಕೋಡರ್ಮ ಲೇಪಿಸಿ ಬಿತ್ತಿರಿ. ಸೊರಗು ಕಂಡ ಹೊಲದಲ್ಲಿ ವರ್ಷವರ್ಷವೂ ಔಡಲ ಬೇಡ. ಸಜ್ಜೆ, ನವಣೆ ಅಥವಾ ಜೋಳ ಹಾಕಿ ಬೆಳೆ ಬದಲಿಸಿ. ಮೊದಲ ಎರಡು ತಿಂಗಳು ಎಡೆಕುಂಟೆ ಹೊಡೆದು ಕಳೆ ಏಳದಂತೆ ನೋಡಿಕೊಂಡರೆ ಮುಂದೆ ಗಿಡವೇ ನೆರಳು ಮಾಡಿ ಕಳೆ ತಡೆಯುತ್ತದೆ.

ಹೂವು, ಹುಳು, ರೋಗ

ಗೊನೆಯ ಕೆಳಭಾಗದಲ್ಲಿ ಗಂಡು ಹೂ, ಮೇಲ್ಭಾಗದಲ್ಲಿ ಕೆಂಪು ಎಳೆಗಳ ಹೆಣ್ಣು ಹೂ ಇರುತ್ತವೆ. ಕಾಯಿ ಕಟ್ಟುವುದು ಹೆಣ್ಣು ಹೂ ಮಾತ್ರ. ಬಿಸಿಲು ಹೆಚ್ಚಿ ತೇವ ಕಡಿಮೆಯಾದರೆ ಗಂಡು ಹೂ ಜಾಸ್ತಿಯಾಗುತ್ತದೆ. ತಡವಾಗಿ ಬಿತ್ತಿದವರು ಸೋಲುವುದಕ್ಕೆ ಇದೂ ಒಂದು ಕಾರಣ.

ಶೇಂಗಾ ಎಲೆ ತಿನ್ನುವ ತಂಬಾಕಿನ ಹುಳುವಿನ ಪತಂಗ ಔಡಲದ ಅಗಲ ಎಲೆಯನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ವಾರಕ್ಕೆರಡು ಸಲ ಔಡಲದ ಸಾಲಿನಲ್ಲಿ ನಡೆದು, ಮೊಟ್ಟೆಯ ಗುಂಪು ಮತ್ತು ಮರಿಹುಳು ತುಂಬಿ ಜಾಳಾದ ಎಲೆಗಳನ್ನು ಕಿತ್ತು ನಾಶಮಾಡಿದರೆ ಶೇಂಗಾಕ್ಕೆ ಹೊಡೆಯುವ ಔಷಧದ ಖರ್ಚು ಉಳಿಯುತ್ತದೆ. ಔಡಲದ ಎಲೆ ಬರಿದು ಮಾಡುವುದು ಕೊಂಡ್ಲಿ ಹುಳು. ಅದರ ಮೈಗೆ ಪರಾವಲಂಬಿ ಕಣಜದ ಗೂಡುಗಳು ಅಂಟಿಕೊಂಡಿದ್ದರೆ ಔಷಧ ಹೊಡೆಯಬೇಡಿ; ಕಣಜವೇ ಆ ಕೆಲಸ ಮುಗಿಸುತ್ತದೆ. ಜಡಿಮಳೆಯಲ್ಲಿ ಗೊನೆಗೆ ಬೂದು ಬಣ್ಣದ ಬೂಸ್ಟು ಹಿಡಿದರೆ ಅಂಥ ಗೊನೆ ಕೊಯ್ದು ಸುಟ್ಟುಬಿಡಿ.

ಕೊಯ್ಲು ಮತ್ತು ಎಚ್ಚರಿಕೆ

ಮೊದಲ ಗೊನೆ ಸುಮಾರು 90ರಿಂದ 100 ದಿನಕ್ಕೆ ಬಲಿಯುತ್ತದೆ. ಆಮೇಲೆ ತಿಂಗಳಿಗೊಮ್ಮೆಯಂತೆ ಮೂರು ನಾಲ್ಕು ಕೊಯ್ಲು. ಗೊನೆಯಲ್ಲಿ ಕೆಲವು ಕಾಯಿ ಒಣಗಿದ ಕೂಡಲೇ ಕೊಯ್ದು, ಕಣದಲ್ಲಿ ಚೆನ್ನಾಗಿ ಒಣಗಿಸಿ ಬಡಿಯಿರಿ. ಹಸಿ ಕಾಯಿ ಬೆರೆತರೆ ದರ ಕಡಿಮೆಯಾಗುತ್ತದೆ.

ಔಡಲದ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಕಣದಲ್ಲಿ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಹಿಂಡಿಯನ್ನು ಎತ್ತು, ಎಮ್ಮೆ, ಕುರಿಗಳಿಗೆ ತಿನ್ನಿಸಲೇಬಾರದು. ಅದೇ ಹಿಂಡಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಅದರಲ್ಲಿ ಶೇಕಡಾ 4ರಷ್ಟು ಸಾರಜನಕವಿದೆ.

ಮೊದಲ ವರ್ಷ ಒಂದೆರಡು ಎಕರೆ ಶೇಂಗಾದಲ್ಲಿ ಔಡಲದ ಸಾಲು ಹಾಕಿ ನೋಡಿ. ಬೀಜ ಮತ್ತು ಗೊಬ್ಬರದ ಪ್ರಮಾಣಕ್ಕೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಮುಂಚಿತವಾಗಿಯೇ ವಿಚಾರಿಸಿ. ಶೇಂಗಾದ ಲೆಕ್ಕ, ಔಡಲದ ಲೆಕ್ಕ ಬೇರೆ ಬೇರೆ ಬರೆದಿಡಿ. ಎಷ್ಟು ಸಾಲು ಹಾಕಬೇಕೆಂಬುದನ್ನು ಮುಂದಿನ ಮುಂಗಾರಿಗೆ ಆ ಲೆಕ್ಕ ನೋಡಿಯೇ ನಿರ್ಧರಿಸಿ.