ಬಸ್ಸು ಹತ್ತಬಹುದು, ಬಸ್‌ಸ್ಟಾಪ್ ಮುಟ್ಟೋದು ಹೆಂಗ?

ಲಕಮನಹಳ್ಳಿಯ ಚಿಗರಿ ಬಸ್ ನಿಲ್ದಾಣ ಇರುವುದು ಹೆದ್ದಾರಿಯ ನಡುವೆ. ಪ್ಲಾಟ್‌ಫಾರ್ಮ್ ಮತ್ತು ಬಸ್ಸಿನ ಒಳನೆಲ ಒಂದೇ ಎತ್ತರದಲ್ಲಿ ಇರುವಂತೆ ಬಿಆರ್‌ಟಿಎಸ್‌ ವಿನ್ಯಾಸ ಮಾಡಿದ್ದಾರೆ. ಹೀಗಾಗಿ ಬಸ್ಸಿನ ಮೆಟ್ಟಿಲು ಹತ್ತುವ ಪ್ರಶ್ನೆಯೇ ಇಲ್ಲ. ವೀಲ್‌ಚೇರ್ ಬಳಸುವ ನನ್ನ ಗೆಳೆಯನಿಗೆ ಹುಬ್ಬಳ್ಳಿಗೆ ಹೋಗಲು ಇದಕ್ಕಿಂತ ಒಳ್ಳೆಯ ಬಸ್ಸಿಲ್ಲ. ಆದರೂ ಅವನು ಅದನ್ನು ಹತ್ತೋದು ಅಪರೂಪ. ಮನೆಯಿಂದ ನಿಲ್ದಾಣಕ್ಕೆ ಅರ್ಧ ಕಿಲೋಮೀಟರ್. ಅಷ್ಟರೊಳಗೆ ಗಟಾರದ ಮೇಲೆ ಅಲುಗಾಡುವ ಕಲ್ಲು, ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕುಗಳು, ಕೊನೆಗೆ ವಾಹನಗಳ ನಡುವೆ ದಾಟಬೇಕಾದ ಅಗಲ ರಸ್ತೆ. "ಬಸ್ ತಯಾರ್ ಐತಿ ದೋಸ್ತ, ದಾರಿನ ಇಲ್ಲ" ಅಂತಾನೆ.

ಅಂಗವಿಕಲರ ಹಕ್ಕುಗಳ ವಿಚಾರದಲ್ಲಿ ದೇಶ ನಿಂತಿರುವುದೂ ಹೆಚ್ಚುಕಮ್ಮಿ ಅಲ್ಲೇ. ಕಾನೂನು ಚೆನ್ನಾಗಿದೆ, ಅದನ್ನು ಮುಟ್ಟುವ ದಾರಿ ಕೆಟ್ಟಿದೆ.

ಮೊದಲು ಆಗಿರುವ ಕೆಲಸ ಒಪ್ಪಿಕೊಳ್ಳೋಣ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ, ತಲಸ್ಸೇಮಿಯಾ, ಆಸಿಡ್ ದಾಳಿಗೆ ತುತ್ತಾದವರು ಎಲ್ಲರೂ ಒಳಗೆ ಬಂದರು. ಸರ್ಕಾರಿ ನೌಕರಿಯ ಮೀಸಲಾತಿ ಶೇ. 3ರಿಂದ 4ಕ್ಕೆ ಏರಿತು, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು ಸಿಕ್ಕಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ. ಆಗ ಈ 21 ಬಗೆಯ ಲೆಕ್ಕ ಇರಲಿಲ್ಲ ಅನ್ನೋದು ನೆನಪಿರಲಿ.

ಕಟ್ಟಡಗಳ ಬಗ್ಗೆಯೂ ಕಾಯ್ದೆ ಖಡಕ್ ಆಗಿದೆ. ಸೆಕ್ಷನ್ 44ರ ಪ್ರಕಾರ, ಎಲ್ಲರೂ ಬಳಸುವಂತೆ ನಿಯಮ ಪಾಲಿಸದ ಕಟ್ಟಡಕ್ಕೆ ಅನುಮತಿಯನ್ನೂ ಕೊಡುವಂತಿಲ್ಲ, ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಸೆಕ್ಷನ್ 45, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದ ದಿನದಿಂದ ಐದು ವರ್ಷ ಕೊಟ್ಟಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಗಡುವು 2022ಕ್ಕೇ ಮುಗಿದಿದೆ.

ಹಾಗಾದರೆ ಎಡವಿದ್ದೆಲ್ಲಿ? ಆ ನಿಯಮದಲ್ಲೇ. ಕಾಯ್ದೆ "ಮಾಡಲೇಬೇಕು" ಅಂದಿತ್ತು. ಅದರ ಅಡಿ ರೂಪಿಸಿದ 15ನೇ ನಿಯಮ ಬೇರೆ ಬೇರೆ ಇಲಾಖೆಗಳ ಮಾರ್ಗಸೂಚಿಗಳ ಕಡೆಗೆ ಕೈ ತೋರಿಸಿತು. ಆ ಮಾರ್ಗಸೂಚಿಗಳ ಧಾಟಿಯೋ, "ಮಾಡಿದರೆ ಒಳ್ಳೆಯದು" ಅನ್ನುವಂಥದ್ದು. ರಾಜೀವ್ ರಾತುರಿ ಎಂಬ ದೃಷ್ಟಿಹೀನ ವ್ಯಕ್ತಿ 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಇದನ್ನೇ ಹಿಡಿಯಿತು. ಕಾಯ್ದೆ ಕಡ್ಡಾಯ ಮಾಡಿದ್ದನ್ನು ನಿಯಮವೊಂದು ಸಲಹೆಯಾಗಿ ಇಳಿಸುವಂತಿಲ್ಲ ಎಂದು ಆ ನಿಯಮವನ್ನು ಅಸಿಂಧುಗೊಳಿಸಿ, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಹೇಳಿತು.

"ಸಲಹೆ" ಮತ್ತು "ಕಡ್ಡಾಯ"ದ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ತೀರ್ಪು ಓದಿ ಅಲ್ಲ, ಒಂದು ರ‍್ಯಾಂಪ್ ನೋಡಿ. ಗೆಳೆಯನ ಯುಡಿಐಡಿ ಕಾರ್ಡ್ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆವು. ಬಾಗಿಲು ನೆಲದಿಂದ ಸುಮಾರು ಮೂರಡಿ ಎತ್ತರ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಅನ್ನೋದು ಮಾನದಂಡ. ಮೂರಡಿಗೆ ಮೂವತ್ತಾರು ಅಡಿ ಆಯಿತು. ಅಲ್ಲಿದ್ದದ್ದು ಹನ್ನೆರಡೋ ಹದಿಮೂರೋ ಅಡಿ. ಹಿಂದಿನಿಂದ ಇಬ್ಬರು ತಳ್ಳಿದೆವು. "ಇದು ರ‍್ಯಾಂಪ್ ಅಲ್ಲಲೇ, ಜಾರುಬಂಡಿ" ಅಂದ. ಕಾಗದದಲ್ಲಿ ಮಾತ್ರ "ರ‍್ಯಾಂಪ್ ಇದೆಯೇ? ಇದೆ" ಎಂದು ಟಿಕ್ ಬಿದ್ದಿರುತ್ತದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೂ ಈ ಒಂದಕ್ಕೆ ಹನ್ನೆರಡರ ಲೆಕ್ಕ ಗೊತ್ತಾಗಿದ್ದು ಪತ್ರಕರ್ತನಾದ ಮೇಲೆ. ಇದು ನನ್ನ ನಾಚಿಕೆಯ ವಿಷಯ. ನಮ್ಮ ಪಠ್ಯದ್ದೂ ಹೌದು.

ಅಳತೆ ಕಡ್ಡಾಯವಾದರೆ ಆ ಜಾರುಬಂಡಿ ಕಾನೂನುಬಾಹಿರವಾಗುತ್ತದೆ. ಸೆಕ್ಷನ್ 89ರಡಿ ಮೊದಲ ತಪ್ಪಿಗೆ 10 ಸಾವಿರ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವಿದೆ. ವಿಚಾರಣೆಯಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿರುವ ರಾಜ್ಯ ಆಯುಕ್ತರಿಗೆ ಯಾರು ಬೇಕಾದರೂ ದೂರು ಕೊಡಬಹುದು. ನಿಮ್ಮ ಕಾಲೇಜಿನ, ಪಂಚಾಯಿತಿಯ, ಬ್ಯಾಂಕಿನ ಬಾಗಿಲಿಗೆ ಟೇಪು ಹಿಡಿಯಿರಿ. ಎತ್ತರ ಎಷ್ಟು, ಉದ್ದ ಎಷ್ಟು ಅಂತ ಅಳೆದು ಬರೆದುಕೊಳ್ಳಿ. ಕರುಣೆಯ ಮಾತಿಗೆ ಉತ್ತರ ಕೊಡದೆ ಕೂರಬಹುದು, ಅಳತೆಗೆ ಕೊಡಲೇಬೇಕಾಗುತ್ತದೆ.

ಲಕಮನಹಳ್ಳಿಯ ಆ ಅರ್ಧ ಕಿಲೋಮೀಟರಿನ ಬಗ್ಗೆ ಅರ್ಜಿ ಕೊಡೋಣ ಅಂದೆ. ಗೆಳೆಯ ನಕ್ಕ. "ಕೊಡೋಣಲೇ. ಆದ್ರ ಅರ್ಜಿ ಕೊಡಾಕೂ ಒಂದ್ ಆಫೀಸ್ ಹತ್ತಬೇಕಲ್ಲ?"

ಆನ್‌ಲೈನ್‌ನಲ್ಲಿ ಹಾಕಿದೆವು.